ತಿಂಡಿ ಆಯ್ತು ಅಂದ ಅಜ್ಜಿ

ಎಂಬತ್ತರ ದಶಕದ ಆರಂಭ. ನಾನಾಗ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಚ್ಚು ಹತ್ತಿಸಿಕೊಂಡಿದ್ದೆ. ಪಣಕಹಳ್ಳಿಯ ನಮ್ಮಜ್ಜಿಗೆ ಸಕ್ಕರೆ ಕಾಯಿಲೆ ಏರಿ ಕಾಲಿನ ಹುಣ್ಣು ಮಾಯಲೇ ಇಲ್ಲ. ದಿಂಬಂ ಘಾಟಿಯ ತಿರುವುಗಳನ್ನಿಳಿದು ಘಟ್ಟದ ಕೆಳಗಿನ ತಮಿಳು ಊರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಪದ್ಧತಿಯಂತೆ ಬೆಳಿಗ್ಗೆ ತಿಂಡಿಯಾದ ಮೇಲೆ ಇನ್ಸುಲಿನ್ ಸೂಜಿ. ಖಾಲಿ ಹೊಟ್ಟೆಗೆ ಹಾಕಿದರೆ ರಕ್ತದ ಸಕ್ಕರೆ ಕುಸಿದು ಜೀವಕ್ಕೇ ಕುತ್ತು.

ಅಜ್ಜಿ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಏನೂ ಬಾಯಿಗಿಡುವವಳಲ್ಲ. ಅದೊಂದು ದಿನ ಬಿಸಿನೀರು ತಡವಾಯಿತು. ನಾನು ಬಕೆಟ್ ಹಿಡಿದು ಹೊರಗೆ ಕಾಯುತ್ತಿದ್ದಾಗ ನರ್ಸಮ್ಮ ಬಂದು, "ಸಾಪ್ಟೀಂಗಳಾ ಪಾಟಿ?" ಎಂದು ಕೇಳಿದರಂತೆ, ತಿಂಡಿ ತಿಂದಿರಾ ಅಜ್ಜಿ ಎಂದು. ಅಜ್ಜಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಆಯ್ತಮ್ಮ ಎಂದು, ನಿನ್ನದಾಯ್ತಾ ಎಂದೂ ವಿಚಾರಿಸಿದ್ದಾಳೆ. ಸೂಜಿ ಬಿತ್ತು.

ನಾನು ಬಂದಾಗ ಇಡ್ಲಿ ತಟ್ಟೆ ಮುಚ್ಚಿದಂತೆಯೇ ಇತ್ತು. ಅಜ್ಜಿ ಬೆವರಿನಲ್ಲಿ ತೊಯ್ದು ಏನೇನೋ ತೊದಲುತ್ತಿದ್ದಳು. ಕೂಗಿದೆ. ಡಾಕ್ಟರು ಓಡಿಬಂದು ನರಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟಳು.

ಅಷ್ಟರಲ್ಲಿ ಬಂದ ಮಾವ ಅಜ್ಜಿಯ ಸೀರೆಗಳನ್ನು ಗಂಟು ಕಟ್ಟತೊಡಗಿದ. "ಸೂಜಿನೂ ಬ್ಯಾಡ, ಏನೂ ಬ್ಯಾಡ. ಅವ್ವನ್ನ ಮನೆಗ್ ಕರ್ಕಂಡೋಯ್ತೀನಿ." ಸೂಜಿ ಬಿಟ್ಟರೆ ಕಾಲು ಉಳಿಯುವುದಿಲ್ಲ, ಜೀವದ ಮಾತೂ ಹೇಳಲಾಗದು ಎಂದರು ಡಾಕ್ಟರು.

"ಯಾಕಜ್ಜಿ ಆಯ್ತು ಅಂದೆ?"

"ಇನ್ನೇನನ್ಬೇಕಿತ್ತು? ಉಂಡ್ರಾ ಅಂದೋರ್ಗೆ ಇಲ್ಲ ಅಂದ್ಬುಟ್ಟು ಇಕ್ಕುಸ್ಕಂಡ್ ಉಣ್ಣಕಾದದಾ? ಪಾಪ, ಆ ಎಣ್ಮಗ ಮೊದ್ಲೇ ನಿಂತ್ ಗೇಯ್ತದೆ."

ನಾನು ನರ್ಸಮ್ಮನ ಕಡೆ ತಿರುಗಿದೆ. ತಿಂದಿದ್ದನ್ನು ನೋಡಿದಿರಾ ಎಂದೆ. ಕೇಳಿದೆನಲ್ಲ, ರೋಗಿಯೇ ಸುಳ್ಳು ಹೇಳಿದರೆ ನಾನೇನು ಮಾಡಲಿ, ಎಂದರು. ನಮ್ಮ ಬೆಟ್ಟದಲ್ಲಿ ಊಟ ಆಯ್ತಾ ಎಂಬ ಪ್ರಶ್ನೆಗೆ ಇಲ್ಲ ಎಂದವರನ್ನು ನಾನು ಕಂಡಿಲ್ಲ. ಹಸಿದವರೂ ಈಗ್ತಾನೇ ಆಯ್ತು ಎನ್ನುತ್ತಾರೆ. ಪ್ರಾಣ ತೆಗೆಯಬಲ್ಲ ಔಷಧಿಯನ್ನು ಇಂಥ ಬಾಯಿಮಾತು ನಂಬಿ ಹಾಕಬಹುದೇ? ಕೇಳಬೇಡಿ, ತಟ್ಟೆ ನೋಡಿ, ಎಂದು ವಾದಿಸಿದೆ.

"ಸುಮ್ನಿರವ್ವ," ಎಂದ ಮಾವ. "ಬಾಯ್ ಮಾಡುದ್ರೆ ಕಪ್ ಕೊಡಕ್ಕೆ ಇದೇನ್ ನಿನ್ ಕಾಲೇಜಾ?"

ಆದರೆ ಡಾಕ್ಟರು ತಲೆಯಾಡಿಸಿದರು. ಪೂಜೆ ಎಷ್ಟು ಹೊತ್ತಾದರೂ ಆಗಲಿ, ಖಾಲಿ ತಟ್ಟೆ ಕಂಡ ಮೇಲೆಯೇ ಸೂಜಿ ಎಂದರು. ಮಾವ ಗೊಣಗಿದ: "ನಾಳೊಂದಿನ ನೋಡ್ತೀನಿ." ಗಂಟು ಮಾತ್ರ ಬಿಚ್ಚಲಿಲ್ಲ.

ಮರುದಿನ ನರ್ಸಮ್ಮ ಬಂದರು. ಮಾತಿಲ್ಲ ಕತೆಯಿಲ್ಲ. ಮುಚ್ಚಳ ತೆಗೆದು ಖಾಲಿ ತಟ್ಟೆ ನೋಡಿದರು, ಸೂಜಿ ಹಾಕಿದರು, ಹೋದರು. ನಾವು ಮಧ್ಯಾಹ್ನದವರೆಗೂ ಅಜ್ಜಿಯ ಹಣೆ ಮುಟ್ಟಿ ಮುಟ್ಟಿ ನೋಡಿದೆವು. ಬೆವರಿರಲಿಲ್ಲ. ಅವಳಿಗೆ ಮಾತ್ರ ಬೆಳಗಿನ ಸಿಟ್ಟು ಇಳಿದಿರಲಿಲ್ಲ.

"ಎಂಥ ಎಣ್ಣವ್ವ ಅದು! ಉಂಡ್ಯಾ ಅಂತ ಒಂದ್ ಮಾತ್ ಕೇಳ್ನಿಲ್ಲ ಕಣ."

ಮಾವ ಗಂಟು ಬಿಚ್ಚಿ ಸೀರೆಗಳನ್ನು ಮಂಚದ ಕೆಳಗಿನ ಟ್ರಂಕಿಗೆ ತುಂಬಿದ.