ಲೋಟದ ತಳದ ಸೋಡಾ

ಅಕ್ಕನ ಗಂಡ, ನನ್ನ ಭಾವನ ಎದುರು ಯಾವುದನ್ನೂ ‘ಹೋಯಿತು’ ಎನ್ನುವಂತಿರಲಿಲ್ಲ. ಅಕ್ಕಲಕೋಟೆಯ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಆರತಿಯ ಕರ್ಪೂರ ಉರಿದುಹೋಯಿತು ಅಂದರೆ ಸಾಕು, ಜಪ ಬಿಟ್ಟು ಕಣ್ಣು ತೆರೆಯುವರು. “ಎಲ್ಲಿಗೆ ಹೋತು? ಮೊದಲ ಅದನ್ನ ಹೇಳು. ಜಗತ್ತಿನ್ಯಾಗಿಂದ ಒಂದು ಗುಂಜಿ ತೂಕನೂ ಹೋಗಂಗಿಲ್ಲ.” ನನಗೆ ರೇಗುತ್ತಿತ್ತು. ದೇವರ ಮುಂದೂ ಪಾಠವೇ!

ಒಮ್ಮೆ ನಾನು ಸೊಲ್ಲಾಪುರದಿಂದ ಹೋದಾಗ, ಗೋಲಿಸೋಡಾದ ಖಾಲಿ ಬಾಟಲಿಗೆ ನಿಂಬೆರಸ ಹಾಕಿ, ಕಾಗದದಲ್ಲಿ ಸುತ್ತಿದ ಅಡುಗೆ ಸೋಡಾ ತುರುಕಿ, ತಕ್ಕಡಿಯಲ್ಲಿ ತೂಗಿದರು. ಬೋರಲು ಹಾಕಿದೊಡನೆ ಒಳಗೆ ನೊರೆಯೆದ್ದು ಗೋಲಿ ಬಾಯಿಗೆ ಕಚ್ಚಿಕೊಂಡಿತು. ನೆಟ್ಟಗಿಟ್ಟು ಮತ್ತೆ ತೂಗಿದರೆ ಮುಳ್ಳು ಕದಲಲಿಲ್ಲ. ಗೋಲಿ ಒತ್ತಿದರು. ಬುಸ್ಸೆಂದು ಗಾಳಿ ಹೊರಬಿತ್ತು, ಬಾಟಲಿಯಿದ್ದ ತಟ್ಟೆ ಮೇಲೆದ್ದಿತು.

“ಹೋಗಿಲ್ಲ. ಈ ಖೋಲ್ಯಾಗs ಅದ.” ಭಾವ ಕೋಣೆಯ ಸುತ್ತ ಕೈಯಾಡಿಸಿದರು.

“ತಳದಾಗ ಸೋಡಾ ಹಂಗs ಕೂತದಲ್ಲರಿ?” ಅಂದಳು ಅಕ್ಕ.

“ನಿಂಬಿಹುಳಿ ತೀರ್ತು. ಇನ್ನ ಜೋಡಿ ಇಲ್ಲ ಅದಕ್ಕ. ಎಷ್ಟು ಕಾದ್ರೂ ಉಕ್ಕಂಗಿಲ್ಲ.”

“ತೀರ್ತು ಅಂದ್ರ ನಡೀತದೇನು ಮತ್ತ?” ಅಕ್ಕ ನಕ್ಕಳು. ಸಂಜೆ ಅವರು ಲೋಟಕ್ಕೆ ಸೋಡಾ ಹಾಕಬೇಕು, ಅವಳು ನಿಂಬೆ ಹಿಂಡಬೇಕು, ನೊರೆ ಇಳಿಯುವುದರೊಳಗೆ ಅವರು ಕುಡಿಯಬೇಕು. ಅದು ಆ ಮನೆಯ ದಿನದ ಆಟ.

ಅಕ್ಕ ಜ್ವರ ಬಂದು ತೀರಿಕೊಂಡಳು. ಅಸ್ಥಿ ಆಯ್ದ ಮಡಿಕೆ ಒಳಗೆ ತರಬಾರದೆಂದು ಭಾವ ಹೊಸ್ತಿಲಾಚೆ ನಿಂತು ಅದನ್ನು ಕೈಯಲ್ಲಿ ತೂಗಿ ನೋಡಿದರು. “ಇಷ್ಟs? ಉಳಿದಾಕಿ ಎಲ್ಲಿ?” ತಲೆಯೆತ್ತಿ ಬರಿಯ ಗಾಳಿಯನ್ನು ನೋಡುತ್ತ ನಿಂತರು.

“ಸೊಲ್ಲಾಪುರಕ್ಕ ಬರ್ರಿ, ನಮ್ಮನ್ಯಾಗ ಇರ್ರಿ” ಎಂದು ಕೈಮುಗಿದೆ.

“ಹ್ಯಾಂಗ ಬರ್ಲಿ? ಈ ಊರ ಗಾಳ್ಯಾಗ ಅದಾಳ. ಅಲ್ಲಿ ಬಂದು ಯಾರ ಉಸಿರು ತಗೊಳ್ಲಿ?”

ಇವರಿಗೆ ಹುಚ್ಚು ಹಿಡಿಯಿತೆಂದು ಬೈದುಕೊಂಡೆ. ಆದರೆ ಆಮೇಲೆ ಆ ಅಂಗಳದಲ್ಲಿ ಉಸಿರೆಳೆಯಲು ನನಗೇ ಅಂಜಿಕೆಯಾಗುತ್ತಿತ್ತು.

ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು, ಕಣ್ಣು ಮಂಜಾಗಿತ್ತು. ತಲೆದೆಸೆಯಲ್ಲಿ ಲೋಟ, ಅದರ ತಳದಲ್ಲಿ ಒಣ ಸೋಡಾ. ದಿನಾ ಸಂಜೆ ಹಾಕಿಕೊಂಡು ಕಾಯುತ್ತಾರೆ, ಯಾರಿಗೂ ಮುಟ್ಟಗೊಡುವುದಿಲ್ಲ ಎಂದಳು ನೆರೆಮನೆಯಾಕೆ. ಅಡುಗೆಮನೆಯಿಂದ ನಿಂಬೆಹಣ್ಣು ತಂದು ಹಿಂಡಿಬಿಟ್ಟೆ.

ಚುರ್ರೆಂದು ನೊರೆಯೆದ್ದಿತು. ಗೋಡೆಯ ಕಡೆ ಮಲಗಿದ್ದ ಭಾವ ಆ ಸದ್ದಿಗೆ ಹೊರಳಿದರು.

“ಬಂದ್ಯಾ? ಎಲ್ಲಿಗೆ ಹೋಗಿದ್ದಿ?”

ನಾನು ನಿಮ್ಮ ನಾದಿನಿ ಎನ್ನಲು ಬಾಯಿ ತೆರೆದೆ.

“ಎಲ್ಲಿಗೂ ಹೋಗಿಲ್ಲರಿ” ಅಂದೆ. “ಇಲ್ಲೇ ಅದೀನಿ.”

ಹೊರಬಂದದ್ದು ಅಕ್ಕನ ದನಿ.