ಟೂವಾಳ ಕಫದ ಸಕ್ಕರೆ

ಗೋಥೆನ್‌ಬರ್ಗಿನ ನಮ್ಮ ಪ್ರಯೋಗಾಲಯದ ಗುನ್ನೆಲ್‌ಗೆ ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲೇ. ಅರ್ಧ ಆಯುಷ್ಯವನ್ನು ಅವಳು ಕಳೆದದ್ದು ಕಫದ ಜೊತೆ. ಮನುಷ್ಯರ ಶ್ವಾಸನಾಳದ ಜೀವಕೋಶ ಬೆಳೆಸಿ, ಅವು ಸುರಿಸಿದ ಲೋಳೆ ತೆಗೆದು, ಅದರ ಮ್ಯೂಸಿನ್ ಪ್ರೋಟೀನಿಗೆ ಅಂಟಿದ ಸಕ್ಕರೆಯ ಸರಗಳನ್ನು ಬಿಡಿಸಿ ಯಂತ್ರಕ್ಕೆ ಕೊಡುವುದು ಅವಳ ಕೆಲಸ. "ಲೋಳೆ ಕಂಡ್ರೆ ಅಸಹ್ಯ ಅನ್ನೋರು ಬ್ಯಾಂಕಿಗೆ ಸೇರ್ಕೊಳ್ಳಿ" ಎಂದು ಹೊಸಬರನ್ನು ಗದರುತ್ತಿದ್ದಳು.

ಆ ಶರತ್ಕಾಲ ಅವಳ ಬಳಿ ಟೂವಾಳ ಜೀವಕೋಶಗಳಿದ್ದವು. ಹುಟ್ಟಿನಿಂದಲೇ ಕಫ ಗಟ್ಟಿಯಾಗುವ ಕಾಯಿಲೆಯ ಹುಡುಗಿ. ಶ್ವಾಸಕೋಶ ಬದಲಿಸುವಾಗ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೇ ತೀರಿಕೊಂಡಿದ್ದಳು. ಅವಳ ಪುಟ್ಟ ತಂಗಿ ಮಾಯ್ಕೆನ್‌ಗೂ ಅದೇ ಕಾಯಿಲೆ, ಔಷಧಿ ನಾಟುತ್ತಿಲ್ಲ. ಅಕ್ಕನ ಕಫದ ಸಕ್ಕರೆ ಹೇಗಿದೆಯೆಂದು ತಿಳಿದರೆ ವೈದ್ಯರಿಗೊಂದು ದಾರಿ. ಇಲ್ಲವಾದರೆ ಮಗುವಿಗೇ ಅರಿವಳಿಕೆ ಕೊಟ್ಟು, ಎದೆಯೊಳಗೆ ಕೊಳವೆ ಇಳಿಸಿ ಜೀವಕೋಶ ತೆಗೆಯಬೇಕು. ತಾಯಿ ಅನ್ನೆಲಿ ಬಂದು ಗುನ್ನೆಲ್‌ಳ ಕೈ ಹಿಡಿದಿದ್ದಳು.

"ಇನ್ನೊಂದು ಮಗೂನ ಮಲಗ್ಸಿ ಒಳಗೆ ಕಳ್ಸೋಕೆ ನನ್ನಿಂದ ಆಗಲ್ಲ. ನೀನೇ ಏನಾದ್ರೂ ಮಾಡು."

ಜೀವಕೋಶಗಳಿಗೆ ವಯಸ್ಸಾಗಿ ತಟ್ಟೆಗಳು ಒಂದೊಂದಾಗಿ ಸತ್ತವು. ಕೊನೆಯ ತಟ್ಟೆಯ ಲೋಳೆಯನ್ನು ಗುನ್ನೆಲ್ ಕಣ್ಣಲ್ಲಿ ಕಣ್ಣಿಟ್ಟು ಕೂಡಿಸಿದಳು.

ಸರ ಬಿಡಿಸುವುದು ಕ್ಷಾರ. ಬರೀ ಕ್ಷಾರ ಬಿಟ್ಟರೆ ಬಿಡಿಸಿದ ಸರವನ್ನೇ ಮಣಿಮಣಿಯಾಗಿ ಉದುರಿಸಿಬಿಡುತ್ತದೆ. ತುದಿಗೆ ಗಂಟು ಹಾಕಲು ಒಂದು ಬಿಳಿ ಪುಡಿ ಬೇಕು. ಆ ಪುಡಿಗೆ ತೇವ ಆಗದು, ತಗುಲಿದರೆ ಸತ್ವ ಕಳೆದುಕೊಳ್ಳುತ್ತದೆ. ಹಿಂದಿನ ವಾರ ಅವಳು ಅದನ್ನು ತೂಗುತ್ತಿದ್ದಾಗ ಕಾಫಿಯ ಹೊತ್ತಾಯಿತು. ನಮ್ಮಲ್ಲಿ ಏನು ಮಾಡಿದರೂ ನಡೆದೀತು, ಎಲ್ಲರೂ ಕೂತ ಕಾಫಿಗೆ ತಪ್ಪಿಸಿಕೊಂಡರೆ ಮಾತ್ರ ನಡೆಯದು. ಮುಖ್ಯಸ್ಥ ಹೋಲ್ಗರ್ ಬಾಗಿಲಲ್ಲಿ ಬಂದು ನಿಂತ.

"ಏಳೇ ತಾಯಿ, ಕೇಕ್ ಕತ್ತರಿಸ್ತಿದಾರೆ. ನಿನ್ನ ಸಕ್ಕರೆ ಎಲ್ಲಿಗೂ ಓಡಿಹೋಗಲ್ಲ."

ಅವಳು ಸೀಸೆಯ ಬಾಯಿಗೆ ಮುಚ್ಚಳ ಇಟ್ಟು ಎದ್ದಳು, ತಿರುಗಿಸಲಿಲ್ಲ. ಸೀಸೆ ಹಾಗೇ ಕಪಾಟು ಸೇರಿತು. ಸಮುದ್ರದ ಒದ್ದೆ ಗಾಳಿ ಕಟ್ಟಡದೊಳಗೆಲ್ಲ ತುಂಬಿದ್ದ ದಿನಗಳವು. ಟೂವಾಳ ಲೋಳೆಗೆ ಅವಳು ಹಾಕಿದ್ದು ಅದೇ ಸೀಸೆಯ ಪುಡಿ.

ಟೂವಾಳ ಫಲಿತಾಂಶ ಬಂದಾಗ ಹೋಲ್ಗರ್ ಕುಣಿದ. "ಸಿಕ್ತು ಕಣೇ! ಸರಗಳೆಲ್ಲ ತುಂಡು ತುಂಡು. ಕಾಯಿಲೆ ಇರೋದೇ ಇಲ್ಲಿ!"

ಗುನ್ನೆಲ್ ಅದೇ ದಿನ ಅದೇ ಪುಡಿ ಹಾಕಿದ್ದ ಆರೋಗ್ಯವಂತನ ಕಫದ ಚಿತ್ರ ತೆರೆದಳು. ಅಲ್ಲೂ ತುಂಡುಗಳೇ.

"ಕಾಯಿಲೆ ಅಲ್ಲ ಹೋಲ್ಗರ್," ಎಂದಳು. "ನಾನು."

ಒಂದು ಹನಿ ಲೋಳೆಯಾದರೂ ಉಳಿದಿದ್ದೀತೆಂದು, ತೊಳೆದು ಮುಗಿಸಿದ್ದ ಟೂವಾಳ ತಟ್ಟೆಯನ್ನೇ ಅವಳು ಮತ್ತೆ ಮತ್ತೆ ತೊಳೆದಳು. ಬಂದದ್ದು ಬರೀ ತೊಳೆಯಲು ಹಾಕಿದ ಉಪ್ಪುನೀರು. ಬಿಡು ಎಂದು ಭುಜ ಹಿಡಿದರೆ ನನ್ನ ಕೈಯನ್ನೇ ಕೊಡವಿದಳು. ನನಗೋ ಹೋಲ್ಗರ್ ಮೇಲೆ, ಆ ದರಿದ್ರ ಕೇಕಿನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಅನ್ನೆಲಿಗೆ ಅವಳೇ ಹೇಳಿದಳು, ಸುತ್ತಿ ಬಳಸದೆ: "ಕೆಡಿಸ್ಬಿಟ್ಟೆ. ಟೂವಾಳದ್ದು ಇನ್ನೇನೂ ಉಳಿದಿಲ್ಲ."

ಅನ್ನೆಲಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಟಿನ ಗುಂಡಿಗಳನ್ನು ಮೇಲಿನವರೆಗೂ ಹಾಕಿಕೊಂಡು ಕೇಳಿದಳು:

"ಮಾಯ್ಕೆನ್‌ಗೆ ಹಿಂದಿನ ರಾತ್ರಿಯಿಂದ ಏನೂ ತಿನ್ನಿಸ್ಬಾರ್ದು, ಅಲ್ವಾ? ಟೂವಾಗೆ ಹಾಗೇ ಹೇಳಿದ್ರು."