ಕೊಬ್ಬರಿಯ ಎರಡನೇ ಹೋಳು

ರೈಲು ಅರಸೀಕೆರೆ ಮುಟ್ಟುವಷ್ಟರಲ್ಲಿ ನಾನು ಹುಬ್ಬಳ್ಳಿಯ ಜೋಳದ ರೊಟ್ಟಿ, ದಾವಣಗೆರೆಯ ಮಂಡಕ್ಕಿ ಎರಡನ್ನೂ ಚಪ್ಪರಿಸಿದ್ದೆ. ಅಮ್ಮ ಮಾತ್ರ ಬೇರೆಯವರು ಬೇಯಿಸಿದ್ದನ್ನು ಮುಟ್ಟುವವಳಲ್ಲ. ಮೊನ್ನೆ ಹೊರಡುವಾಗ ಮನೆಯಿಂದ ತಂದ ಅವಲಕ್ಕಿ ನಿನ್ನೆಯೇ ಮುಗಿದಿತ್ತು. ಇಲ್ಲಿ ಬಾಳೆಹಣ್ಣೂ ಸಿಗಲಿಲ್ಲ. ಬಿಸಿ ಇಡ್ಲಿ ತಂದರೆ ಮುಖ ತಿರುಗಿಸಿದಳು. ಹಸಿವಿಗೆ ಸೀಟಿಗೊರಗಿ ಕಣ್ಣು ಮುಚ್ಚಿದಳು. ನನಗೆ ಭಯ, ಅದಕ್ಕಿಂತ ಹೆಚ್ಚು ಸಿಟ್ಟು.

ಆಗ ಹತ್ತಿದ ಕೊಬ್ಬರಿ ವ್ಯಾಪಾರಿಯೊಬ್ಬ, ಹಣೆ ತುಂಬ ವಿಭೂತಿ ಬಳಿದವನು, ಚೀಲದಿಂದ ಉಂಡೆಕೊಬ್ಬರಿ ತೆಗೆದು ಒಡೆದು ಎರಡೂ ಹೋಳನ್ನು ಅಮ್ಮನ ಮುಂದಿಟ್ಟ.

"ಬೆಂಕಿ ಕಂಡಿಲ್ಲ, ನೀರೂ ಸೋಕಿಲ್ಲ. ತಿನ್ನಿ ತಾಯಿ."

ಅಮ್ಮ ಆತುರಾತುರವಾಗಿ ಒಂದು ಹೋಳು ತಿಂದಳು. ಇನ್ನೊಂದನ್ನು ಅವನತ್ತ ಸರಿಸಿ, "ನೀವೂ ತಗೊಳ್ಳಿ" ಎಂದಳು.

"ಲಿಂಗಪೂಜೆ ಆಗ್ದೆ ಬಾಯಿಗೇನೂ ಹಾಕಾಕಿಲ್ಲ ತಾಯಿ. ತಿಪಟೂರಿಗೋಗಿ ಸ್ನಾನ ಮಾಡಿ, ಆಮೇಲೇ."

"ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆ?"

"ನಿನ್ನೆ ಸಂಜೆಯಿಂದ."

"ಹಾಗಾದರೆ ಇದು ನನಗೂ ತಿಪಟೂರಾದ ಮೇಲೇ" ಎಂದು ಅಮ್ಮ ಆ ಹೋಳನ್ನು ಸೆರಗಿಗೆ ಕಟ್ಟಿಕೊಂಡಳು. ತಿಪಟೂರು ಇನ್ನೂ ಬಂದಿಲ್ಲ. ಅವಳು ಕಿಟಕಿಯಿಂದ ಕಣ್ಣು ತೆಗೆದಿಲ್ಲ, ಗಂಟನ್ನೂ ಬಿಚ್ಚಿಲ್ಲ.